ಮ್ಯಾಟಿನಡಿಯ ಮರಳು

ಆ ಶುಕ್ರವಾರ ಬೆಳಿಗ್ಗೆ ನಾನು ಪಿಚ್ಚಿನ ಅರ್ಧವನ್ನು ಮಾತ್ರ ಗುಡಿಸಿದೆ. ಇನ್ನರ್ಧವನ್ನು ಬೇಕೆಂದೇ ಬಿಟ್ಟೆ. ಮರೆತದ್ದಲ್ಲ — ಮರೆತೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ, ಅದು ಬೇರೆ ಮಾತು. ಪೊರಕೆ ಕೈಯಲ್ಲಿತ್ತು. ಸಮಯವಿತ್ತು. ಗಾಳಿ ತಂದು ಹಾಕಿದ ಸಣ್ಣ ಮರಳು ಕಣ್ಣೆದುರೇ ಇತ್ತು. ಗುಡಿಸುತ್ತಾ ನಡುವಿಗೆ ಬಂದೆ, ನಿಂತೆ, ಪೊರಕೆಯನ್ನು ಬದಿಗಿಟ್ಟೆ. ಅಷ್ಟರಿಂದ ಒಬ್ಬ ಹುಡುಗನ ದಾರಿಯೇ ತಪ್ಪಿಹೋಯಿತು ಎಂದರೆ ಯಾರೂ ನಂಬಲಿಕ್ಕಿಲ್ಲ. ನಂಬದೆ ಇರಲು ನಾನೂ ಏನೇನೋ ಪ್ರಯತ್ನ ಮಾಡಿದವನೇ.

ಕ್ರಿಕೆಟ್ ಗೊತ್ತಿಲ್ಲದವರಿಗೂ ನಾನು ಮಾಡಿದ್ದೇನು ಎಂದು ತಿಳಿಯಬೇಕು. ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಸಹಿಸಿಕೊಳ್ಳಿ.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನಾಗ ಮಸ್ಕತ್ತಿನಲ್ಲಿ ಕಟ್ಟಡ ಸಾಮಗ್ರಿ ಮಾರುವ ಒಂದು ಕಂಪನಿಯ ಸ್ಟೋರ್‌ಕೀಪರ್. ಹೆಸರು ಸದಾನಂದ. ಕಂಪನಿಯಲ್ಲಿ ಎಲ್ಲರಿಗೂ ಶೆಟ್ರು, ಕಾಪು-ಉಡುಪಿ ಕಡೆಯ ಹುಡುಗರಿಗೆ ಸದಣ್ಣ. ಹೆಂಡತಿ ಜಯಂತಿ ಮತ್ತು ಪುಟ್ಟ ಮಗಳ ಜೊತೆ ಹಮ್ರಿಯಾದಲ್ಲಿ ಎರಡು ಕೋಣೆಯ ಫ್ಲಾಟು. ಆ ಕಾಲದಲ್ಲಿ ಅಲ್ಲಿ ಕಂಪನಿ ಕಂಪನಿಗಳ ನಡುವೆ ಕ್ರಿಕೆಟ್ ಇತ್ತು. ಆಡುವುದು ಶುಕ್ರವಾರ, ರಜೆಯ ದಿನ. ಆದರೆ ಅದು ಬರೀ ಆಟವಲ್ಲ, ಮ್ಯಾನೇಜರುಗಳಿಗೆ ಮರ್ಯಾದೆಯ ಪ್ರಶ್ನೆ. ಚೆನ್ನಾಗಿ ಆಡುವವನನ್ನು ಗುಮಾಸ್ತನೆಂದೋ ಡ್ರೈವರನೆಂದೋ ವೀಸಾ ಕೊಟ್ಟು ಊರಿಂದ ತರಿಸುತ್ತಿದ್ದರು. ನಾನೂ ಹಾಗೆ ಬಂದವನು. ವೇಗದ ಬೌಲರ್. ಸಿಮೆಂಟ್ ಚೀಲದ ಲೆಕ್ಕ ಬರೆಯಲು ಕಲಿತದ್ದು ಬಂದ ಮೇಲೆ.

ಮೈದಾನ ಎಂದರೆ ಹುಲ್ಲು ಅಂದುಕೊಳ್ಳಬೇಡಿ. ನಾವು ಆಡುತ್ತಿದ್ದದ್ದು ಅಲ್ ಮಬೇಲಾದ ಕಡೆ, ಆಗಿನ್ನೂ ಖಾಲಿ ಜಾಗ, ಜಲ್ಲಿಯ ನೆಲ. ನಡುವೆ ಒಂದು ಸಿಮೆಂಟ್ ಪಟ್ಟಿ. ಅದರ ಮೇಲೆ ತೆಂಗಿನ ನಾರಿನ ಉದ್ದನೆಯ ಚಾಪೆ ಹಾಸಿ, ಎರಡೂ ಅಂಚಿಗೆ ಕಬ್ಬಿಣದ ಗೂಟ ಹೊಡೆದು ಬಿಗಿಯುವುದು. ಇದಕ್ಕೆ ನಾವು ಮ್ಯಾಟ್ ಅನ್ನುತ್ತಿದ್ದೆವು. ಆ ಮ್ಯಾಟ್ ಇರುತ್ತಿದ್ದದ್ದು ನನ್ನ ಸ್ಟೋರಿನಲ್ಲಿ. ತರುವುದು, ಪಟ್ಟಿ ಗುಡಿಸುವುದು, ಹಾಸುವುದು, ಬಿಗಿಯುವುದು, ಆಟ ಮುಗಿದ ಮೇಲೆ ಸುತ್ತಿ ಹೊರುವುದು — ಎಲ್ಲ ನನ್ನದೇ. ಬೇರೆಯವರು ಮುಟ್ಟಿದರೆ ಬೈಯುತ್ತಿದ್ದೆ. ಯಾಕೆಂದರೆ ಮ್ಯಾಟ್ ಬಿಗಿಯಾಗಿದ್ದು ಅಡಿಯ ಸಿಮೆಂಟ್ ಶುದ್ಧವಿದ್ದರೆ ಚೆಂಡು ಬಿದ್ದಲ್ಲಿಂದ ಎದೆಯ ಮಟ್ಟಕ್ಕೆ ಎದ್ದು ಬರುತ್ತದೆ. ಅಡಿಯಲ್ಲಿ ಮರಳಿದ್ದು ಗೂಟ ಸಡಿಲವಿದ್ದರೆ ಅದೇ ಚೆಂಡು ಅಲ್ಲೇ ಸತ್ತು ಮೊಣಕಾಲಿನ ಮಟ್ಟದಲ್ಲಿ ತೆವಳುತ್ತದೆ. ನೋಡುವವರಿಗೆ ಬೌಲರನಲ್ಲೇ ಶಕ್ತಿಯಿಲ್ಲ ಅನಿಸುತ್ತದೆ. ಈ ವ್ಯತ್ಯಾಸ ನಮ್ಮ ತಂಡದಲ್ಲಿ ಚೆನ್ನಾಗಿ ತಿಳಿದಿದ್ದವನು ನಾನೊಬ್ಬನೇ.

ವಿಕ್ಟರನನ್ನು ಮೊದಲು ಕಂಡವನೂ ನಾನೇ. ಶಿರ್ವದ ಕೊಂಕಣಿ ಕ್ರಿಶ್ಚಿಯನ್ನರ ಹುಡುಗ, ಇಪ್ಪತ್ತೊಂದು ವರ್ಷ, ಪೈಪ್‌ಲೈನ್ ಹಾಕುವ ಬೇರೆ ಕಂಪನಿಯಲ್ಲಿ ಟೈಮ್‌ಕೀಪರ್. ಒಂದು ಶುಕ್ರವಾರ ಅವರ ತಂಡ ನಮ್ಮೊಡನೆ ಆಡಿತು. ಅವನ ಮೊದಲ ಚೆಂಡು ವಿಕೆಟ್‌ಕೀಪರನ ಗ್ಲೋವ್ಸಿಗೆ ಬಡಿದ ಸದ್ದಿಗೆ ನೀರಿನ ಡ್ರಮ್ಮಿನ ಹತ್ತಿರ ಕುಳಿತಿದ್ದ ನಾನು ಎದ್ದು ನಿಂತೆ. ನಾನು ಹನ್ನೆರಡು ವರ್ಷ ಬೌಲ್ ಮಾಡಿದವನು. ಅಂಥ ಸದ್ದು ನನ್ನ ಚೆಂಡಿನಿಂದ ಒಂದು ದಿನವೂ ಬಂದಿರಲಿಲ್ಲ.

ಅವನು ನಮ್ಮ ಮನೆಗೆ ಬರತೊಡಗಿದ. ಜಯಂತಿ ಮಾಡಿದ ಬಂಗುಡೆ ಸಾರು ಉಂಡು ಅವಳನ್ನು ಅತ್ತಿಗೆ ಎಂದ. ನಾನು ಅವನಿಗೆ ಹೊಸ ಚೆಂಡಿನ ಗುಟ್ಟು, ಗಾಳಿಯ ಗುಟ್ಟು ಹೇಳಿಕೊಟ್ಟೆ. ಒಮ್ಮೆ ಬಿಸಿಲಲ್ಲಿ ಬಹಳ ಹೊತ್ತು ಬೌಲ್ ಮಾಡಿ ಬಂದವನು, "ಅತ್ತಿಗೆ, ಭುಜ ಸ್ವಲ್ಪ ಬಿಗಿದುಕೊಂಡಿದೆ, ಒಂಚೂರು ಎಣ್ಣೆ ಬಿಸಿ ಮಾಡಿ ಕೊಡ್ತೀರಾ?" ಎಂದು ಕೇಳಿದ. ಅವಳು ಕೊಟ್ಟಳು. ಹಚ್ಚಿಕೊಂಡ. ಮರುದಿನಕ್ಕೆ ಸರಿಯಾಯಿತು. ಆಯಾಸಕ್ಕೆ ಎಣ್ಣೆ ಹಚ್ಚಿಕೊಳ್ಳದ ಬೌಲರ್ ಯಾರಿದ್ದಾನೆ?

ನಮ್ಮ ಮ್ಯಾನೇಜರ್ ಹುಬ್ಬಳ್ಳಿ ಕಡೆಯ ಕುಲಕರ್ಣಿ ಸಾಹೇಬರು. ಕ್ರಿಕೆಟ್ ಎಂದರೆ ಪ್ರಾಣ, ಆಡಲು ಬಾರದು. ಅವರ ಹತ್ತಿರ ಹೋಗಿ ನಾನೇ ಹೇಳಿದೆ, "ಸರ್, ಅಂಥ ಹುಡುಗನನ್ನು ನಾನು ಈ ದೇಶದಲ್ಲಿ ನೋಡ್ಲಿಲ್ಲ. ಹೇಗಾದರೂ ಮಾಡಿ ನಮಗೆ ತಗೊಳ್ಳಿ." ಆಗ ಮನಸ್ಸಿನಲ್ಲಿ ಕಪಟವಿರಲಿಲ್ಲ. ಇಷ್ಟನ್ನಾದರೂ ನಂಬಿ.

ಅವಕಾಶ ತಾನಾಗಿ ಬಂತು. ಆ ಪೈಪ್‌ಲೈನ್ ಕಂಪನಿಯ ಕೆಲಸ ಮುಗಿಯುತ್ತಾ ಬಂದು ಕ್ಯಾಂಪ್ ಖಾಲಿಯಾಗುತ್ತಿತ್ತು. ಮಸ್ಕತ್ತಿನಲ್ಲಿ ಉಳಿಯುವ ಸಣ್ಣ ಆಫೀಸಿಗೆ ಅವರಿಗೊಬ್ಬ ಅಕೌಂಟ್ಸ್ ತಿಳಿದವನು ಬೇಕಿತ್ತು, ಅವನು ವಿಕೆಟ್‌ಕೀಪರ್ ಕೂಡ ಆದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಪ್ರಕಾಶ ಎಂಬವನು ಎರಡೂ ಆಗಿದ್ದ. ಅವನನ್ನು ಅವರಿಗೆ ಕೊಡುವುದು, ಬದಲಿಗೆ ಅವರ ಇಬ್ಬರು ಬೌಲರುಗಳಲ್ಲಿ ಒಬ್ಬನನ್ನು ನಾವು ತೆಗೆದುಕೊಳ್ಳುವುದು. ಒಬ್ಬ ವಿಕ್ಟರ್, ಇನ್ನೊಬ್ಬ ಕಾಸರಗೋಡಿನ ರಫೀಕ್, ಎಡಗೈ ಬೌಲರ್, ಮಧ್ಯಮ ವೇಗ. ಎರಡೂ ಕಂಪನಿಯ ಕಫೀಲರು, ಅಂದರೆ ವೀಸಾ ಕೊಟ್ಟ ಒಮಾನಿ ಮಾಲೀಕರು, ಕಂಪನಿ ಬದಲಿಸಲು ಬೇಕಾದ ರಿಲೀಸ್ ಕಾಗದಕ್ಕೆ ಸಹಿ ಹಾಕಲು ಒಪ್ಪಿದ್ದರು. ಆದರೆ ಒಬ್ಬನಿಗೆ ಮಾತ್ರ. ಹೆಸರು ಬಿದ್ದವನು ಒಮಾನಿನಲ್ಲಿ ಉಳಿಯುತ್ತಾನೆ. ಇನ್ನೊಬ್ಬನಿಗೆ ಖಲಾಸ್, ಊರಿನ ವಿಮಾನ.

"ಸದಣ್ಣ, ನಂಗೆ ಇಲ್ಲಿಯೇ ಇರ್ಬೇಕು," ಎಂದಿದ್ದ ವಿಕ್ಟರ್. "ಊರಿಗೆ ಹೋದ್ರೆ ಅಪ್ಪನ ಬೇಕರಿ. ಬೆಳಿಗ್ಗೆಯಿಂದ ಬ್ರೆಡ್ ಕಟ್ ಮಾಡ್ಲಿಕ್ಕೆ ಉಂಟು ನಂಗೆ, ಬಾಲ್ ಯಾರು ಕೊಡ್ತಾರೆ?"

"ನೀನು ಹೆದರ್ಬೇಡ ಮಾರಾಯ, ನಾನಿಲ್ವಾ," ಎಂದಿದ್ದೆ.

ಆ ಮಾತು ಆಡಿ ಎರಡು ದಿನವಾಗಿರಲಿಲ್ಲ. ಕುಲಕರ್ಣಿ ಸಾಹೇಬರು ಸ್ಟೋರಿಗೆ ಬಂದರು. ಖುಷಿಯಲ್ಲಿದ್ದರು. "ಶೆಟ್ರ, ಆ ಹುಡುಗ ಬಂದಾ ಅಂದ್ರ ನೀವೂ ಇನ್ನ ಆರಾಮ ತೊಗೊಬಹುದು ನೋಡ್ರಿ. ಹೊಸಾ ಬಾಲ್ ಆಂವಗ ಕೊಡೂಣು. ನೀವು ಮ್ಯಾಟು, ಸಾಮಾನು ನೋಡ್ಕೊಂಡಿರ್ರಿ, ವಯಸ್ಸೂ ಆತಲ್ಲ," ಎಂದು ನನ್ನ ಬೆನ್ನು ತಟ್ಟಿದರು.

ಪ್ರೀತಿಯಿಂದಲೇ ಹೇಳಿದ್ದು. ನನಗೆ ಮೂವತ್ತನಾಲ್ಕು. ನಾನು ನಕ್ಕೆ, "ಆಯ್ತು ಸರ್" ಎಂದೆ. ಅವರು ಹೋದ ಮೇಲೆ ಮ್ಯಾಟಿನ ಸುರುಳಿಯ ಮೇಲೆ ಕುಳಿತೆ. ಹೊಟ್ಟೆಯೊಳಗೆ ಏನೋ ಉರಿಯಿತು. ಇದನ್ನು ಇಷ್ಟು ವರ್ಷ ಹೆದರಿಕೆ ಎಂದು ಕರೆದೆ. ನನ್ನ ಸಂಬಳಕ್ಕೆ ಫ್ಯಾಮಿಲಿ ಫ್ಲಾಟ್ ಸಿಗುವಂತಿರಲಿಲ್ಲ, ಬೌಲರ್ ಎಂದು ಕೊಟ್ಟಿದ್ದರು, ಬೌಲಿಂಗ್ ಹೋದರೆ ಫ್ಲಾಟು ಹೋಗುತ್ತದೆ, ಫ್ಲಾಟು ಹೋದರೆ ಹೆಂಡತಿ ಮಗಳು ಊರಿಗೆ — ಹೀಗೆ ಲೆಕ್ಕ ಹಾಕಿದೆ. ಆದರೆ ಫ್ಲಾಟಿನ ಮಾತನ್ನು ಯಾರೂ ಎತ್ತಿರಲಿಲ್ಲ. ಎತ್ತುವವರೂ ಇರಲಿಲ್ಲ. ಹೆದರಿಕೆ ನಾನು ಆಮೇಲೆ ಹೊದಿಸಿದ ಬಟ್ಟೆ. ಒಳಗೆ ಇದ್ದದ್ದು ಹೊಟ್ಟೆಕಿಚ್ಚು. ಆ ಹುಡುಗನ ಚೆಂಡಿನ ಸದ್ದು ಪ್ರತಿ ಶುಕ್ರವಾರ ಕೇಳಿಕೊಂಡು, ಮ್ಯಾಟು ಹೊತ್ತುಕೊಂಡು, ಬೌಂಡರಿಯ ಹೊರಗೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ರಫೀಕ್ ಬಂದರೆ? ರಫೀಕ್ ಎಡಗೈಯವನು, ವೇಗ ಕಡಿಮೆ. ಅವನು ಒಂದು ತುದಿಯಿಂದ, ನಾನು ಇನ್ನೊಂದು ತುದಿಯಿಂದ. ನನ್ನ ಜಾಗ ನನಗೇ.

ಪರೀಕ್ಷೆ ಎಂದು ಒಂದು ಶುಕ್ರವಾರ ನಿಗದಿಯಾಯಿತು. ಎರಡೂ ತಂಡದವರು ಬರುವುದು, ಇಬ್ಬರೂ ಬೌಲ್ ಮಾಡುವುದು, ಕುಲಕರ್ಣಿ ಸಾಹೇಬರು ನೋಡಿ ತೀರ್ಮಾನಿಸುವುದು. ತೀರ್ಮಾನ ಅವರದು ಎಂದು ಹೆಸರಿಗೆ. ಅವರು ನನ್ನನ್ನು ಕೇಳದೆ ಬೌಲರುಗಳ ವಿಷಯದಲ್ಲಿ ಒಂದು ಹೆಜ್ಜೆ ಇಟ್ಟವರಲ್ಲ.

ಪಿಕಪ್ಪಿನಲ್ಲಿ ಮ್ಯಾಟು ಹೇರಿಕೊಂಡು ಎಲ್ಲರಿಗಿಂತ ಮೊದಲು ನಾನು ತಲುಪಿದೆ. ಡ್ರೈವರ್ ಗಾಡಿಯಲ್ಲೇ ನಿದ್ದೆ ಹೋದ. ಪಟ್ಟಿಯ ಒಂದು ತುದಿ ಗುಡ್ಡದ ಕಡೆ, ಇನ್ನೊಂದು ರಸ್ತೆಯ ಕಡೆ. ಗುಡ್ಡದ ಕಡೆಯಿಂದ ಓಡಿ ಬಂದವನ ಚೆಂಡು ಬೀಳುವುದು ರಸ್ತೆಯ ಕಡೆಯ ಅರ್ಧದಲ್ಲಿ. ಗುಡ್ಡದ ಕಡೆಯ ಅರ್ಧವನ್ನು ನಾನು ಕನ್ನಡಿಯ ಹಾಗೆ ಗುಡಿಸಿದೆ. ರಸ್ತೆಯ ಕಡೆಯ ಅರ್ಧವನ್ನು — ಹೇಳಿದೆನಲ್ಲ, ಬಿಟ್ಟೆ. ಮರಳು ಹಾಗೇ ಇರಲು ಬಿಟ್ಟು ಮೇಲೆ ಮ್ಯಾಟು ಹಾಸಿದೆ.

ಅಲ್ಲಿಗೆ ನಿಲ್ಲಲಿಲ್ಲ. ಈ ಮಾತನ್ನು ಬರೆಯಲೋ ಬೇಡವೋ ಎಂದು ಮೂರು ದಿನ ಒದ್ದಾಡಿದ್ದೇನೆ. ಗುಡಿಸದೆ ಬಿಟ್ಟದ್ದು ಸೋಮಾರಿತನ ಎಂದಾದರೂ ಹೇಳಿಕೊಳ್ಳಬಹುದು. ಆದರೆ ರಸ್ತೆಯ ಕಡೆಯ ಗೂಟಗಳನ್ನು ನಾನು ಪೂರ್ತಿ ಹೊಡೆಯಲಿಲ್ಲ. ಹೊಡೆದ ಎರಡನ್ನು ಮತ್ತೆ ಅಲ್ಲಾಡಿಸಿ ಸಡಿಲ ಮಾಡಿದೆ. ಆಮೇಲೆ ಆ ಜಾಗದ ಮೇಲೆ ಹೆಬ್ಬೆರಳು ಒತ್ತಿ ನೋಡಿದೆ, ಸಾಕಷ್ಟು ಮೆತ್ತಗಾಗಿದೆಯೇ ಎಂದು. ಮೆತ್ತಗಾಗಿತ್ತು. ನನಗೆ ಸಮಾಧಾನವಾಯಿತು! ಛೆ.

ವಿಕ್ಟರ್ ಬಂದವನೇ ಹಲ್ಲು ಕಿರಿಯುತ್ತಾ, "ಯಾವ ಕಡೆಯಿಂದ ಹಾಕ್ಲಿ ಸದಣ್ಣ?" ಎಂದ.

"ಗುಡ್ಡದ ಕಡೆಯಿಂದ. ಗಾಳಿ ನಿನ್ನ ಬೆನ್ನಿಗೆ ಸಿಗ್ತದೆ," ಎಂದೆ.

"ಥ್ಯಾಂಕ್ಸ್ ಅಣ್ಣಾ," ಎಂದು ಓಡಿದ.

ಬ್ಯಾಟ್ ಹಿಡಿದದ್ದು ಪ್ರಕಾಶ. ರಫೀಕ್ ರಸ್ತೆಯ ಕಡೆಯಿಂದ ಹಾಕಿದ. ಗುಡಿಸಿದ ಸಿಮೆಂಟಿನ ಮೇಲೆ ಅವನ ಸಾಧಾರಣ ಚೆಂಡು ಕೂಡ ಚುರುಕಾಗಿ ಎದ್ದು ಬಂತು. ಎಲ್ಲರೂ ತಲೆದೂಗಿದರು. ಆಮೇಲೆ ವಿಕ್ಟರ್. ಆ ಓಟ, ಆ ಕೈ ಎತ್ತುವುದು — ಎಲ್ಲ ಎಂದಿನಂತೆ. ಚೆಂಡು ಬಿದ್ದಲ್ಲಿ ಪುಸಕ್ಕೆಂದಿತು. ಮೊಣಕಾಲಿನ ಎತ್ತರದಲ್ಲಿ ಪ್ರಕಾಶನ ಬಳಿಗೆ ಹೋಯಿತು. ಪ್ರಕಾಶ ಅವಸರವಿಲ್ಲದೆ ತಳ್ಳಿದ. ಎರಡನೆಯದೂ ಹಾಗೆಯೇ. ವಿಕ್ಟರ್ ಚೆಂಡು ಬಿದ್ದ ಜಾಗವನ್ನು ನೋಡಿದ, ಆಮೇಲೆ ತನ್ನ ಕೈ ನೋಡಿಕೊಂಡ. ಇನ್ನೂ ದೂರದಿಂದ ಓಡಿ ಬಂದ. ಹಲ್ಲು ಕಚ್ಚಿ ಎಸೆದ. ಬಲ ಹಾಕಿದಷ್ಟೂ ದಿಕ್ಕು ತಪ್ಪಿತು. ಯಾರೋ ನಕ್ಕರು. ನಾನು ಅಂಪೈರ್ ಜಾಗದಲ್ಲಿ ಅವನ ಪಕ್ಕದಲ್ಲೇ ನಿಂತಿದ್ದೆ. ಅವನ ಉಸಿರಾಟ ನನಗೆ ಕೇಳುತ್ತಿತ್ತು.

ಆಗ ಕುಲಕರ್ಣಿ ಸಾಹೇಬರು ಎದ್ದು ಬಂದರು. ಇಲ್ಲಿ, ಈ ಒಂದು ನಿಮಿಷದಲ್ಲಿ, ಎಲ್ಲವನ್ನೂ ಸರಿಮಾಡಲು ನನಗೆ ದಾರಿಯಿತ್ತು.

"ಶೆಟ್ರ, ಇದ್ಯಾಕ ಹಿಂಗ? ನೀವ ಅಷ್ಟ ಹೊಗಳಿದ್ರಿ. ತಡೀರಿ, ಇಬ್ಬರಿಗೂ ಎಂಡ್ ಬದಲಿ ಮಾಡಿ ನೋಡೂಣು."

ಬದಲಿ ಮಾಡಿದರೆ ಮುಗಿಯಿತು. ಶುದ್ಧವಾದ ಅರ್ಧದಲ್ಲಿ ವಿಕ್ಟರನ ಚೆಂಡು ಬಿದ್ದರೆ ಕುರುಡನಿಗೂ ಗೊತ್ತಾಗುತ್ತದೆ. ಮೊದಲಿನ ಕೆಲಸವನ್ನು ಮುಚ್ಚಲು ಎರಡನೆಯದು ಬೇಕಾಯಿತು. ನಾನು ಹೇಳಿದೆ — ಗಟ್ಟಿಯಾಗಿ, ಸುತ್ತ ನಿಂತವರಿಗೆಲ್ಲ ಕೇಳುವಂತೆ —

"ಬೇಡ ಸರ್. ನಾನು ಹೇಳ್ಬಾರ್ದು ಅಂತ ಇದ್ದೆ. ಅವನ ಭುಜ ಹೋಗಿದೆ. ನಮ್ಮ ಮನೆಯಲ್ಲೇ ಎಣ್ಣೆ ಹಚ್ಕೊಳ್ತಾನೆ. ಇನ್ನೂ ಹಾಕಿಸಿದ್ರೆ ಪಾಪ, ಕೈ ಎತ್ಲಿಕ್ಕೆ ಆಗ್ಲಿಕ್ಕಿಲ್ಲ."

ಪಾಪ ಎಂದೆ. ಆ ಶಬ್ದವನ್ನೂ ಸೇರಿಸಿದೆ.

ವಿಕ್ಟರ್ ಜಗಳಕ್ಕೆ ಬರುತ್ತಾನೆ ಅಂದುಕೊಂಡಿದ್ದೆ. ಸುಳ್ಳು ಎನ್ನುತ್ತಾನೆ, ಇನ್ನೊಂದು ಓವರ್ ಕೊಡಿ ಎನ್ನುತ್ತಾನೆ ಅಂದುಕೊಂಡಿದ್ದೆ. ಹಾಗಾಗಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ, ಅವನ ಆಟ ಉಳಿಯುತ್ತಿತ್ತು. ಅವನು ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನನ್ನ ಹತ್ತಿರ ಬಂದ. ಡಾಕ್ಟರನ್ನು ಕೇಳುವವರ ಹಾಗೆ ಕೇಳಿದ.

"ಹೌದಾ ಸದಣ್ಣ? ಅಷ್ಟು ಗೊತ್ತಾಗ್ತದಾ?"

"ಗೊತ್ತಾಗ್ತದೆ ಮಾರಾಯ. ನಿನ್ನ ಕೈಯಲ್ಲಿ ಇದ್ದದ್ದು ಅಷ್ಟೇ. ಸುಮ್ನೆ ಆಸೆ ಇಟ್ಕೊಳ್ಬೇಡ," ಎಂದೆ.

ಅವನು ತಲೆಯಾಡಿಸಿದ. ತನ್ನ ಕಣ್ಣಾರೆ ಆರೇಳು ಚೆಂಡು ಸತ್ತದ್ದನ್ನು ನೋಡಿದ್ದ. ಈಗ ಗುರುವಿನ ಬಾಯಿಯಿಂದ ಕೇಳಿದ್ದ. ನಂಬದೆ ಏನು ಮಾಡುತ್ತಾನೆ? ನಾನು "ಯಲ್ಲಾ ಯಲ್ಲಾ, ಬಿಸಿಲು ಬಂತು" ಎಂದು ಎಲ್ಲರನ್ನೂ ಅವಸರಪಡಿಸಿದೆ. ಯಾರನ್ನೂ ಮುಟ್ಟಗೊಡದೆ ಮ್ಯಾಟನ್ನು ನಾನೇ ಸುತ್ತಿದೆ, ಅಡಿಯ ಮರಳನ್ನು ಕಾಲಿನಿಂದ ಚೆದುರಿಸಿದೆ. ರಿಲೀಸ್ ಕಾಗದದಲ್ಲಿ ರಫೀಕನ ಹೆಸರು ಬಿತ್ತು. ಅವನು ಒಳ್ಳೆಯ ಮನುಷ್ಯ, ಇದರಲ್ಲಿ ಅವನ ತಪ್ಪು ಎಳ್ಳಷ್ಟೂ ಇಲ್ಲ.

ಊರಿಗೆ ಹೊರಡುವ ಮೊದಲು ವಿಕ್ಟರ್ ಹಮ್ರಿಯಾದ ಮನೆಗೆ ಬಂದ. ಮಗಳಿಗೆ ಒಂದು ಡಬ್ಬಿ ಚಾಕಲೇಟು ತಂದಿದ್ದ. ಭುಜ ಹೋಯ್ತಂತೆ ಅತ್ತಿಗೆ ಎಂದಷ್ಟೇ ಹೇಳಿದ. ಜಯಂತಿ ಅವನ ಅಮ್ಮನಿಗೆಂದು ಖರ್ಜೂರ ಕಟ್ಟಿಕೊಟ್ಟಳು. ಅವನು ಮೆಟ್ಟಿಲಿಳಿದು ಹೋದ ಮೇಲೆ ಬಾಗಿಲು ಹಾಕಿ ಬಂದು ನನ್ನನ್ನೇ ನೋಡುತ್ತಾ ನಿಂತಳು.

"ಅಲ್ಲ ಇವ್ರೇ, ಅವನ ಭುಜಕ್ಕೆ ಎಂತ ಆಗಿತ್ತು? ಒಂದು ಸಲ ಎಣ್ಣೆ ಕೇಳಿದ್ದು. ಮರುದಿನ ಸರಿ ಇದ್ದ ಅಲ್ವಾ?"

"ನಿಂಗೆ ಕ್ರಿಕೆಟ್ ಎಂತ ಗೊತ್ತು? ನಿನ್ನ ಕೆಲಸ ನೋಡು," ಎಂದು ರೇಗಿದೆ.

ಅವಳು ಒಳಗೆ ಹೋದಳು. ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಆದರೆ ಶುಕ್ರವಾರದ ಆಟ ಮುಗಿಸಿ ಬಂದರೆ ಹೇಗಾಯಿತು ಎಂದು ಕೇಳುತ್ತಿದ್ದವಳು, ಅಂದಿನಿಂದ ಕೇಳುವುದನ್ನು ಬಿಟ್ಟಳು.

ನನ್ನ ಜಾಗ ಉಳಿಸಿಕೊಂಡು ನಾನು ಆಡಿದ್ದು ಎರಡೇ ಸೀಸನ್. ಮೊಣಕಾಲು ಕೈಕೊಟ್ಟಿತು. ಮ್ಯಾಟು ಹೊತ್ತುಕೊಂಡು ಬೌಂಡರಿಯ ಹೊರಗೆ ಕೂರುವುದು ಹೇಗೂ ಬಂತು. ಫ್ಲಾಟನ್ನು ಯಾರೂ ಕೇಳಲಿಲ್ಲ. ಆಟ ನಿಲ್ಲಿಸಿದ ಮೇಲೂ ಅದೇ ಫ್ಲಾಟಿನಲ್ಲಿ ಇದ್ದೆ, ಸಂಬಳವೂ ಏರಿತು. ಎರಡು ಸೀಸನ್ನಿಗಾಗಿ ನಾನು ಅಷ್ಟು ಮಾಡಿದೆ.

ಏಳೆಂಟು ವರ್ಷ ಕಳೆಯಿತು. ತೊಂಬತ್ತರ ದಶಕದ ನಡುವಿನಲ್ಲಿ ಕಂಪನಿ ಕೆಲಸಕ್ಕೆ ಒಮಾನಿನ ಗಡಿಯ ಬುರೈಮಿಗೆ ಹೋಗಿದ್ದೆ. ಅಲ್ಲಿ ಕಂಬಳಿ, ಹಾಸಿಗೆ ಮಾರುವ ಅಂಗಡಿಯೊಂದರ ಮುಂದೆ ನಡೆಯುತ್ತಿದ್ದಾಗ ಹಿಂದಿನಿಂದ ಯಾರೋ "ಸದಣ್ಣಾ!" ಎಂದು ಕೂಗಿದರು. ದಪ್ಪಗಾಗಿದ್ದ, ಮೀಸೆ ಬಿಟ್ಟಿದ್ದ, ನಗು ಮಾತ್ರ ಅದೇ. ವಿಕ್ಟರ್. ಓಡಿ ಬಂದು ತಬ್ಬಿಕೊಂಡ.

ಅಂಗಡಿಯ ಒಳಗೆ ಕೂರಿಸಿ ಚಹಾ ತರಿಸಿದ. ಅಲ್ಲಿ ಸೇಲ್ಸ್‌ಮನ್ ಆಗಿ ಬಂದು ಎರಡು ವರ್ಷವಾಗಿತ್ತಂತೆ. ಮದುವೆಯಾಗಿತ್ತು, ಹೆಂಡತಿಯ ಹೆಸರು ಲವೀನಾ. ಆಡುತ್ತೀಯಾ ಎಂದು ನಾನು ಕೇಳಲಿಲ್ಲ. ಅವನೇ ಹೇಳಿದ.

"ಅವತ್ತಿನಿಂದ ಬಾಲ್ ಮುಟ್ಲಿಲ್ಲ ಸದಣ್ಣ. ಊರಿಗೆ ಹೋದ ಮೇಲೆ ಬೆಂಗಳೂರಿನ ಕ್ರಿಕೆಟ್ ಕ್ಯಾಂಪಿಗೆ ಕರ್ದಿದ್ರು. ಕಾಗದ ಬಂದಿತ್ತು. ಹೋಗ್ಲಿಲ್ಲ. ಹೋಗಿ ಎಲ್ಲರೆದುರು ಮತ್ತೆ ಮರ್ಯಾದೆ ತೆಗೆಸ್ಕೊಳ್ಳುದು ಯಾಕೆ ಅಂತ." ಆಮೇಲೆ ನನ್ನ ಮಂಡಿಯ ಮೇಲೆ ಕೈಯಿಟ್ಟ. "ಬೇರೆಯವ್ರು ಆಗಿದ್ರೆ ಬೆಣ್ಣೆ ಹಚ್ಚಿ ಕಳಿಸ್ತಿದ್ರು. ನೀವೊಬ್ರು ನಿಜ ಹೇಳಿದ್ದು. ಮನೆಯಲ್ಲಿ ಈಗ್ಲೂ ಹೇಳ್ತೇನೆ ನಿಮ್ಮ ವಿಷ್ಯ."

ಆಗಲೇ ಹೇಳಿಬಿಡಬೇಕಿತ್ತು. ನಾಲಗೆಯ ತುದಿಯವರೆಗೆ ಬಂದಿತ್ತು — ವಿಕ್ಟರ್, ಮ್ಯಾಟಿನಡಿಯಲ್ಲಿ — ಅಷ್ಟರಲ್ಲಿ ಅಂಗಡಿಯ ಎದುರು ಒಂದು ಆಡು ಬಂದು ಹೊರಗಿಟ್ಟಿದ್ದ ಕಂಬಳಿಯ ತುದಿಯನ್ನು ಅಗಿಯತೊಡಗಿತು. ವಿಕ್ಟರ್ ಎದ್ದು ಹೋಗಿ ಅದನ್ನು ಓಡಿಸಿದ. ರಸ್ತೆ ದಾಟಿ ಓಡುತ್ತಿದ್ದ ಅದನ್ನು ಇನ್ನಷ್ಟು ಹೆದರಿಸಲು ಒಂದು ಸಣ್ಣ ಕಲ್ಲು ಹೆಕ್ಕಿ, ಆಡಿಗಲ್ಲ, ಅದರಾಚೆ ದೂರದಲ್ಲಿದ್ದ ಖಾಲಿ ಡಾಂಬರು ಡಬ್ಬಕ್ಕೆ ಎಸೆದ. ಸುಮ್ಮನೆ, ನಿಂತಲ್ಲಿಂದ, ಮಾತಾಡುತ್ತಾ ಎಸೆದದ್ದು. ಡಬ್ಬ ಢಣ್ಣೆಂದು ಉರುಳಿತು. ಅಂಗಡಿಯೊಳಗಿದ್ದ ಗಿರಾಕಿ ಕೂಡ ತಿರುಗಿ ನೋಡಿದ.

ಮೂವತ್ತರ ಹತ್ತಿರ ಬಂದಿದ್ದ, ಮೈ ಬೆಳೆದಿದ್ದವನ, ಎಂಟು ವರ್ಷ ಚೆಂಡು ಮುಟ್ಟದ ಕೈ ಅದು. ಅವನಿಗೇನೂ ಅನಿಸಲಿಲ್ಲ. ಕೈ ಒರೆಸಿಕೊಂಡು ಬಂದು ಕುಳಿತು, "ಇನ್ನೊಂದು ಚಾ ಹೇಳ್ಲಾ?" ಎಂದ.

"ಬೇಡ, ಗಾಡಿ ಕಾಯ್ತಾ ಉಂಟು," ಎಂದೆ. ಎದ್ದು ಬಂದೆ. ಅಲ್ ಮಬೇಲಾದಲ್ಲಿ ಮಾಡಿದ್ದಕ್ಕಿಂತ ಬುರೈಮಿಯಲ್ಲಿ ಬಾಯಿ ಮುಚ್ಚಿಕೊಂಡದ್ದು ದೊಡ್ಡ ಪಾಪ ಎಂದು ನನಗೆ ಅನಿಸುತ್ತದೆ. ಆ ದಿನ ಹೇಳಿದ್ದರೆ ಅವನಿಗಿನ್ನೂ ಕೆಲವು ವರ್ಷ ಇತ್ತು. ದೊಡ್ಡ ಆಟ ಆಡದಿದ್ದರೂ ಶುಕ್ರವಾರ ಶುಕ್ರವಾರ ಓಡಿ ಬಂದು ಚೆಂಡು ಎಸೆಯುವ ಸುಖ ಇತ್ತು. ಅದನ್ನೂ ಕಸಿದುಕೊಂಡೆ.

ಆಮೇಲೆ ನಾನು ಊರಿಗೆ ಮರಳಿದೆ. ವರ್ಷಗಳು ಹೋದವು. ಮಗಳ ಮದುವೆಯಾಯಿತು, ಮೊಮ್ಮಗು ಬಂತು. ವಿಕ್ಟರನೂ ಗಲ್ಫ್ ಬಿಟ್ಟು ಶಿರ್ವಕ್ಕೆ ಬಂದಿದ್ದಾನೆ, ಅಪ್ಪನ ಬೇಕರಿ ನೋಡಿಕೊಳ್ಳುತ್ತಿದ್ದಾನೆ ಎಂದು ಗೊತ್ತಿತ್ತು. ನಮ್ಮ ಮನೆಯಿಂದ ಒಂದು ಬಸ್ಸಿನ ದೂರ. ಪ್ರತಿ ಕ್ರಿಸ್‌ಮಸ್ಸಿಗೆ ಯಾರ ಕೈಯಲ್ಲಾದರೂ ಕುಸ್ವಾರದ ಪೊಟ್ಟಣ ಕಳಿಸುತ್ತಿದ್ದ, ಕಲ್‌ಕಲ್, ನೆವ್ರಿ ಹೀಗೆ ಹಬ್ಬದ ಸಿಹಿತಿಂಡಿ ಎಲ್ಲ ಇರುತ್ತಿತ್ತು. ನಾನು ಒಂದು ತುಂಡನ್ನೂ ಬಾಯಿಗೆ ಹಾಕಿದವನಲ್ಲ. ಜಯಂತಿ ಅದನ್ನು ಗಮನಿಸುತ್ತಿದ್ದಳು. ಹೋದ ಕ್ರಿಸ್‌ಮಸ್ಸಿನಲ್ಲಿ ಪೊಟ್ಟಣವನ್ನು ನನ್ನ ಮುಂದೆ ಇಟ್ಟು, "ಒಂದೋ ತಿನ್ನಿ, ಇಲ್ಲದಿದ್ರೆ ಹೋಗಿ ಹೇಳಿ ಬನ್ನಿ. ಇನ್ನು ಎಷ್ಟು ವರ್ಷ ಇದು?" ಎಂದಳು. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ನನಗೆ ತಿಳಿದದ್ದು ಆಗ.

ಹೋದೆ. ಮಧ್ಯಾಹ್ನದ ಹೊತ್ತು, ಬೇಕರಿ ಖಾಲಿಯಿತ್ತು. ಹಿಂದಿನ ಮನೆಯ ಜಗಲಿಯಲ್ಲಿ ಕೂರಿಸಿದ. ನಾನು ನೀರು ಕೂಡ ಮುಟ್ಟದೆ ಹೇಳತೊಡಗಿದೆ. ಪೊರಕೆ, ಮರಳು, ಗೂಟ, ಎಣ್ಣೆಯ ಮಾತು, ಬುರೈಮಿ, ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ, ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದು ಕಾದೆ. ಅವನ ಸ್ವರ ಸಣ್ಣ ಮಕ್ಕಳ ಸ್ವರದ ಹಾಗಿತ್ತು.

"ಇತ್ತಾ ಹಾಗಾದ್ರೆ? ಸ್ಪೀಡ್ ಇತ್ತಾ ನಂಗೆ?"

"ಇತ್ತು," ಎಂದೆ. "ನಾನು ನೋಡಿದವರಲ್ಲೆಲ್ಲ ನಿನಗೇ ಇದ್ದದ್ದು."

ಅವನು ಮುಖ ಮುಚ್ಚಿಕೊಂಡು ಅತ್ತ. ಲವೀನಾ ಒಳಗಿಂದ ಓಡಿ ಬಂದಳು, ನನ್ನನ್ನು ನೋಡಿದಳು, ಅವನ ಪಕ್ಕದಲ್ಲಿ ಕುಳಿತಳು. ನಾನು ಕೈಮುಗಿದು ಎದ್ದೆ. ಕ್ಷಮೆ ಕೇಳಲಿಲ್ಲ, ಕೇಳುವ ಯೋಗ್ಯತೆ ನನಗಿರಲಿಲ್ಲ. ಮೆಟ್ಟಿಲು ಇಳಿಯುವಾಗ ಅವನು ಕರೆದ. ಈ ಸಲ ಸದಣ್ಣ ಎನ್ನಲಿಲ್ಲ.

"ಇಲ್ಲಿ ಕೇಳಿ. ಕೆಲ್ಸ ಹೋದದ್ದು ಬಿಡಿ, ಕೆಲ್ಸ ಆಮೇಲೆ ಸಿಕ್ತು. ಇಷ್ಟು ವರ್ಷ ನಾನು ನನ್ನನ್ನೇ ನಂಬ್ಲಿಲ್ಲ. ಏನು ಮಾಡ್ಲಿಕ್ಕೆ ಹೊರಟ್ರೂ, ನನ್ನಲ್ಲಿ ಇರುದು ಅಷ್ಟೇ ಅಂತ ಕೂತೆ. ನೀವು ಅವತ್ತು ಎಲ್ಲರೆದುರು ಹೇಳಿದ್ದು. ಇವತ್ತು ನಂಗೊಬ್ನಿಗೆ ಬಂದು ಹೇಳಿ ಹೋದ್ರೆ ಆಗ್ಲಿಲ್ಲ."

ನ್ಯಾಯವಾದ ಮಾತು. ಅಂದಿನಿಂದ ಆ ಬೆಳಿಗ್ಗೆ ಅಲ್ಲಿದ್ದವರನ್ನು ಹುಡುಕುತ್ತಿದ್ದೇನೆ. ರಫೀಕನಿಗೆ ಫೋನು ಮಾಡಿ ಹೇಳಿದೆ, ಅವನು ಫೋನಿಟ್ಟುಬಿಟ್ಟ. ಪ್ರಕಾಶನಿಗೆ ಹೇಳಿದೆ. ಹುಬ್ಬಳ್ಳಿಯಲ್ಲಿ ಹಾಸಿಗೆ ಹಿಡಿದಿರುವ ಕುಲಕರ್ಣಿ ಸಾಹೇಬರಿಗೆ ಅವರ ಸೊಸೆಯ ಫೋನಿನಲ್ಲಿ ಹೇಳಿದೆ. "ಎಂಥಾ ಕೆಲಸಾ ಮಾಡಿದ್ರಿ ಶೆಟ್ರ," ಎಂದರು. ಕೆಲವರು ತೀರಿಕೊಂಡಿದ್ದಾರೆ. ಕೆಲವರು ಯಾವ ಊರಿನಲ್ಲಿದ್ದಾರೋ ಗೊತ್ತಿಲ್ಲ. ಅವರಿಗಾಗಿ ಇದನ್ನು ಬರೆದೆ.

ಆ ಶುಕ್ರವಾರ ಅಲ್ಲಿ ನಿಂತು ನೋಡಿದವರು, ನಕ್ಕವರು, ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಒಂದು ಕೆಲಸ ಮಾಡಿ. ಶಿರ್ವದ ಪೇಟೆಯಲ್ಲಿ ವಿಕ್ಟರನ ಬೇಕರಿ ಎಂದರೆ ಯಾರು ಬೇಕಾದರೂ ತೋರಿಸುತ್ತಾರೆ. ಹೋಗಿ ಅವನಿಗೆ ನೀವೇ ಹೇಳಿ, ನಿನಗೆ ವೇಗ ಇತ್ತು ಎಂದು. ನನ್ನ ಬಾಯಿಯ ಮಾತನ್ನು ಅವನು ಇನ್ನು ನಂಬಬೇಕಾಗಿಲ್ಲ.